ಎಲ್ಲಾ ಹಸಿರೂ ಒಂದೇ ಅಲ್ಲ ಕಣ್ರೀ!

ಶೇಡ್ ಕಾರ್ಡ್ ಮನೆಗೆ ಬಂದ ದಿನವೇ ಅರ್ಧ ಜಗಳ ಶುರು ಅಂತ ಲೆಕ್ಕ. ಯುಗಾದಿಗೋ, ಮಗಳ ನಿಶ್ಚಿತಾರ್ಥಕ್ಕೋ, ಗೃಹಪ್ರವೇಶ ಆಗಿ ಹತ್ತು ವರ್ಷ ಆಯ್ತಲ್ಲ ಅನ್ನೋ ನೆಪಕ್ಕೋ ಬಣ್ಣ ಬಳಿಸೋದು ಅಂತ ತೀರ್ಮಾನ ಆಗುತ್ತೆ. ಹಾಲ್‌ಗೆ ಕ್ರೀಮ್, ಅಡುಗೆಮನೆಗೆ ಬಿಳಿ... ಇಲ್ಲಿಯವರೆಗೆ ಎಲ್ಲಾ ಸಲೀಸು. ಒಳಗಿನ ಕೋಣೆಗೆ ತಿಳಿ ಹಸಿರು ಅನ್ನೋದಕ್ಕೂ ಒಪ್ಪಿಗೆ ಸಿಕ್ಕಿರುತ್ತೆ. ತೊಂದರೆ ಬರೋದು ಆಮೇಲೆ. ಕಾರ್ಡ್ ಬಿಡಿಸಿದರೆ ಹಸಿರಿನದ್ದೇ ಪುಟಗಟ್ಟಲೆ! ನೀವು ಸೋಸಿ ಸೋಸಿ ಮೂರು ಚೌಕಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಕಿಟಕಿ ಹತ್ತಿರ ಒಮ್ಮೆ, ಟ್ಯೂಬ್‌ಲೈಟ್ ಕೆಳಗೆ ಒಮ್ಮೆ ಹಿಡಿದು ನೋಡ್ತಾ ಇರ್ತೀರಿ. ಪೇಪರ್ ಓದುತ್ತಾ ಕೂತ ಯಜಮಾನರು ತಲೆ ಎತ್ತದೇ ಹೇಳ್ತಾರೆ: "ಎಲ್ಲಾ ಒಂದೇ ಕಣೇ. ಯಾವುದಾದ್ರೂ ಒಂದು ಹೇಳು, ಪೇಂಟರ್ ಕಾಯ್ತಿದಾನೆ."

ಎಲ್ಲಾ ಒಂದೇನಾ? ಖಂಡಿತಾ ಅಲ್ಲ. ಒಂದೇ ಥರ ಕಾಣೋ ಮೂರು ಹಸಿರಿನ ಮುಂದೆ ಅರ್ಧ ಗಂಟೆ ನಿಲ್ಲುವ ಹೆಂಗಸು ಕಾಲಹರಣ ಮಾಡ್ತಿಲ್ಲ, ಕೆಲಸ ಮಾಡ್ತಿದಾಳೆ. ಇನ್ನು ಐದಾರು ವರ್ಷ ಆ ಗೋಡೆಯನ್ನು ಬೆಳಿಗ್ಗೆಯಿಂದ ಸಂಜೆವರೆಗೆ ನೋಡಬೇಕಾದವಳು ಅವಳೇ. ಹಾಗಿರುವಾಗ ಈ ಆಯ್ಕೆ ಹೇಗೆ ಮಾಡಬೇಕು, ಕೊನೆಯ ಮಾತು ಯಾರದಾಗಬೇಕು ಅನ್ನೋದನ್ನ ಸ್ವಲ್ಪ ಯೋಚಿಸೋಣ.

ಗದ್ದೆಯಲ್ಲೂ ಇದೆ ಶೇಡ್ ಕಾರ್ಡ್!

ಕೆಂಪಲ್ಲೋ ನೀಲಿಯಲ್ಲೋ ಆಗದ ಗೊಂದಲ ಹಸಿರಿನಲ್ಲೇ ಯಾಕೆ ಆಗುತ್ತೆ? ಹಗಲು ಬೆಳಕಿನಲ್ಲಿ ನಮ್ಮ ಕಣ್ಣು ಅತಿ ಹೆಚ್ಚು ಚುರುಕಾಗಿ ಗ್ರಹಿಸೋದು ಹಳದಿ ಬೆರೆತ ಹಸಿರು ಬೆಳಕನ್ನು. ಅಳತೆಯಲ್ಲಿ ಹೇಳೋದಾದ್ರೆ ಸುಮಾರು 555 ನ್ಯಾನೋಮೀಟರ್‌ನ ಆಸುಪಾಸು. ಅದೂ ಅಲ್ಲದೆ ಹಸಿರಿನ ಒಂದು ಪಕ್ಕದಲ್ಲಿ ಹಳದಿ, ಇನ್ನೊಂದು ಪಕ್ಕದಲ್ಲಿ ನೀಲಿ ಕೂತಿವೆ. ಚೂರು ಆ ಕಡೆ ವಾಲಿದರೆ ಗಿಳಿ ಹಸಿರು, ಚೂರು ಈ ಕಡೆ ವಾಲಿದರೆ ಸೀ ಗ್ರೀನ್, ಮಧ್ಯದಲ್ಲಿ ಬೂದು ಸೇರಿದರೆ ಪಾಚಿ. ಸೀರೆ ಅಂಗಡಿಗೆ ಹೋದರೆ ನಾವು ಎಷ್ಟು ಹೆಸರು ಹೇಳ್ತೀವಿ ನೋಡಿ! ಪಿಸ್ತಾ, ಮೆಹಂದಿ, ರಾಮಾ ಗ್ರೀನ್, ಬಾಟಲ್ ಗ್ರೀನ್, ಎಲೆ ಹಸಿರು... ಆಗ ಯಾರೂ 'ಎಲ್ಲಾ ಒಂದೇ' ಅನ್ನಲ್ಲ.

ನಮ್ಮ ಸಂತೇಬೆನ್ನೂರಿನ ಸುತ್ತ ಒಂದು ಸುತ್ತು ಬನ್ನಿ. ಚನ್ನಗಿರಿ ಕಡೆ ಅಡಿಕೆ ತೋಟದ ಒಳಗಿನ ಗಾಢ ಹಸಿರೇ ಬೇರೆ, ಭದ್ರಾ ನಾಲೆ ನೀರು ಕುಡಿಯೋ ಗದ್ದೆಯಲ್ಲಿ ಭತ್ತದ ಸಸಿಮಡಿಯ ಎಳೆ ಹಸಿರೇ ಬೇರೆ. ಜಗಳೂರು ಕಡೆ ಹೋದರೆ ಹದಮಳೆ ಬಿದ್ದ ಮೇಲೆ ಏಳೋ ಮೆಕ್ಕೆಜೋಳದ ಹಸಿರು ಇನ್ನೊಂದು ಬಗೆ. ಮನೆ ಗೋಡೆ ವಿಷಯಕ್ಕೆ 'ಎಲ್ಲಾ ಒಂದೇ' ಅನ್ನೋ ಗಂಡಸೇ ಗದ್ದೆ ಬದುವಿನ ಮೇಲೆ ನಿಂತರೆ, "ಪೈರು ಯಾಕೋ ಸ್ವಲ್ಪ ಹಳದಿ ಹೊಡೀತಿದೆ, ಯೂರಿಯಾ ಕೊಡಬೇಕು" ಅಂತ ಮಾರು ದೂರದಿಂದಲೇ ಹೇಳಿಬಿಡ್ತಾರೆ. ಅಂದರೆ ಕಣ್ಣಿಗೆ ಏನೂ ಆಗಿಲ್ಲ. ಮನಸ್ಸು ಕೊಟ್ಟಿಲ್ಲ ಅಷ್ಟೇ!

ಇದನ್ನೇ ಕೃಷಿ ವಿಜ್ಞಾನಿಗಳು ಒಂದು ಸಾಧನ ಮಾಡಿದ್ದಾರೆ ಗೊತ್ತಾ? ಎಲೆ ಬಣ್ಣದ ಪಟ್ಟಿ ಅಂತ. ಫಿಲಿಪ್ಪೀನ್ಸ್‌ನಲ್ಲಿರೋ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ಪ್ಲಾಸ್ಟಿಕ್ ಪಟ್ಟಿ ಅದು. ಅದರ ಮೇಲೆ ಹಳದಿ ಹಸಿರಿನಿಂದ ಕಡು ಹಸಿರಿನವರೆಗೆ ನಾಲ್ಕಾರು ಬಣ್ಣ. ಭತ್ತದ ಎಲೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ, ಸಾರಜನಕ ಸಾಲದಾಗಿದೆಯೋ ಇಲ್ಲವೋ ಅಂತ ರೈತ ತಿಳಿದುಕೊಳ್ಳೋದು. ಅದನ್ನು ಬಳಸೋ ನಿಯಮಗಳು ನಮಗೂ ಪಾಠ. ಪಟ್ಟಿಯನ್ನು ನೇರ ಬಿಸಿಲಿನಲ್ಲಿ ಹಿಡಿಯಬಾರದು, ನಿಮ್ಮ ಮೈ ನೆರಳಿನಲ್ಲಿ ಹಿಡೀಬೇಕು. ಪ್ರತಿ ಸಲವೂ ದಿನದ ಒಂದೇ ಹೊತ್ತಿನಲ್ಲಿ ನೋಡಬೇಕು. ಮತ್ತೆ, ನೋಡೋರೂ ಒಬ್ಬರೇ ಆಗಿರಬೇಕು. ಯಾಕೆಂದರೆ ಬೆಳಕು ಬದಲಾದರೆ ಹಸಿರು ಬದಲಾಗುತ್ತೆ, ಕಣ್ಣು ಬದಲಾದರೂ ಹಸಿರು ಬದಲಾಗುತ್ತೆ. ಒಂದು ಚೀಲ ಗೊಬ್ಬರದ ತೀರ್ಮಾನಕ್ಕೇ ಇಷ್ಟು ಎಚ್ಚರ ಬೇಕಾದರೆ, ಸಾವಿರಾರು ರೂಪಾಯಿ ಸುರಿಯೋ ಗೋಡೆಗೆ ಬೇಡವೇ?

ಬೆಳಕು ನೋಡಿ, ಆಮೇಲೆ ಬಣ್ಣ

ಸಂತೇಬೆನ್ನೂರಿನ ಪುಷ್ಕರಿಣಿಯನ್ನು ನೀವು ನೋಡಿರಬಹುದು. 16ನೇ ಶತಮಾನದಲ್ಲಿ ಪಾಳೇಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಹೊಂಡ. ಸುತ್ತ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ವಸಂತ ಮಂಟಪ, ಪಕ್ಕದಲ್ಲೇ ಮುಸಾಫಿರ್ ಖಾನಾ. ಬೆಳಿಗ್ಗೆ ಹೋದರೆ ನೀರಿಗೆ ಒಂದು ಹಸಿರು, ನಡುಮಧ್ಯಾಹ್ನ ಇನ್ನೊಂದು, ಮೋಡ ಕವಿದ ದಿನ ಮತ್ತೊಂದು. ನೀರು ಅದೇ, ಬದಲಾಗಿದ್ದು ಬೆಳಕು. ನಿಮ್ಮ ಗೋಡೆ ಕಥೆಯೂ ಇದೇ.

ಬ್ಲೌಸ್ ಪೀಸ್ ತಗೊಂಡ ಅನುಭವ ನೆನಪು ಮಾಡಿಕೊಳ್ಳಿ. ಮ್ಯಾಚಿಂಗ್ ಸೆಂಟರಿನ ಲೈಟಿನಲ್ಲಿ ಸೀರೆಗೂ ಬ್ಲೌಸಿಗೂ ಒಂದು ಎಳೆ ವ್ಯತ್ಯಾಸ ಇರಲ್ಲ. ರಸ್ತೆಗೆ ಬಂದರೆ ಎರಡೂ ಬೇರೆ ಬೇರೆ! ಒಂದು ಬೆಳಕಿನಲ್ಲಿ ಹೊಂದುವ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಹೊಂದದೇ ಹೋಗೋದಕ್ಕೆ ಬಣ್ಣದ ತಜ್ಞರು ಮೆಟಮೆರಿಸಂ ಅಂತ ದೊಡ್ಡ ಹೆಸರಿಟ್ಟಿದ್ದಾರೆ. ನಮಗೆ ಹೆಸರು ಗೊತ್ತಿಲ್ಲದಿದ್ದರೂ ಸಂಗತಿ ಗೊತ್ತು. ಅದಕ್ಕೇ ಅಲ್ವಾ ಸೀರೆಯನ್ನು ಅಂಗಡಿ ಬಾಗಿಲಿಗೆ ತಂದು ನೋಡೋದು?

ಇನ್ನು ದಿಕ್ಕಿನ ವಿಷಯ. 'ಉತ್ತರದ ಕೋಣೆಗೆ ಬಿಸಿಲು ಬೀಳಲ್ಲ, ಅಲ್ಲಿ ತಣ್ಣನೆ ಬಣ್ಣ ಬೇಡ' ಅಂತ ಎಷ್ಟೋ ಪುಸ್ತಕಗಳಲ್ಲಿ ಬರೆದಿರುತ್ತೆ. ಅದು ಇಂಗ್ಲೆಂಡ್, ಅಮೆರಿಕದ ಮನೆಗಳನ್ನು ನೋಡಿ ಬರೆದ ಮಾತು. ನಮ್ಮ ದಾವಣಗೆರೆ ಜಿಲ್ಲೆ ಇರೋದು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗ್ತಾನೆ, ವಾಪಸ್ ಬರೋದು ಆಗಸ್ಟ್ ಮಧ್ಯದಲ್ಲಿ. ಅಷ್ಟು ತಿಂಗಳು ನಮ್ಮ ಉತ್ತರದ ಕಿಟಕಿಗೂ ಬಿಸಿಲು ಇಣುಕುತ್ತೆ. ಡಿಸೆಂಬರ್‌ನಲ್ಲಿ ಆ ಬಿಸಿಲು ದಕ್ಷಿಣದ ಕಿಟಕಿಗೆ. ಹಾಗಾಗಿ ಪುಸ್ತಕ ನಂಬಬೇಡಿ, ನಿಮ್ಮ ಕಿಟಕಿ ನಂಬಿ. ಎದುರು ಮನೆಯವರ ಗೋಡೆ ಯಾವ ಬಣ್ಣ, ಕಿಟಕಿಗೆ ಅಡ್ಡ ಮಾವಿನ ಮರ ಇದೆಯಾ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಎದುರಿಗೆ ಗುಲಾಬಿ ಗೋಡೆ ಇದ್ದರೆ ಅದರ ಮೇಲೆ ಬಿದ್ದು ಬಂದ ಬೆಳಕು ನಿಮ್ಮ ತಿಳಿ ಹಸಿರನ್ನು ಮಂಕು ಮಾಡುತ್ತೆ. ಮರ ಇದ್ದರೆ ಹಸಿರಿಗೆ ಇನ್ನಷ್ಟು ಹಸಿರು!

ರಾತ್ರಿ ಹಾಕೋ ಲೈಟೂ ಅಷ್ಟೇ ಮುಖ್ಯ. ಎಲ್‌ಇಡಿ ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತೆ, ಅದನ್ನು ನೋಡಿ. 2700ರಿಂದ 3000 ಇದ್ದರೆ ಹಳೆ ಬಲ್ಬಿನ ಥರ ಹಳದಿ ಬೆಳಕು. 6500 ಇದ್ದರೆ ನೀಲಿ ಛಾಯೆಯ ಬಿಳಿ ಬೆಳಕು. ಹಳದಿ ಬೆಳಕಿನಲ್ಲಿ ಗಿಳಿ ಹಸಿರು ಇನ್ನಷ್ಟು ಹಳದಿಯಾಗುತ್ತೆ, ಸೀ ಗ್ರೀನ್ ಪೆಚ್ಚಾಗುತ್ತೆ. ಬಿಳಿ ಟ್ಯೂಬಿನಲ್ಲಿ ಸೀ ಗ್ರೀನ್ ಆಸ್ಪತ್ರೆ ವಾರ್ಡಿನ ನೆನಪು ತರುತ್ತೆ.

ನೆಲವೂ ಮಾತಾಡುತ್ತೆ

ನಮ್ಮ ಕಡೆಯ ಹಳೆ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ಇನ್ನೂ ಇದೆ. ತೇಗದ ಬಾಗಿಲು, ಕೆಂಪು ಬಣ್ಣದ ಕಿಟಕಿ ಚೌಕಟ್ಟು ಕೂಡ. ಕೆಂಪು ಮತ್ತು ಹಸಿರು ಎದುರುಬದುರಿನ ಬಣ್ಣಗಳು. ಪಕ್ಕಪಕ್ಕ ಇಟ್ಟರೆ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ರೇಷ್ಮೆ ಸೀರೆಯ ಹಸಿರು ಒಡಲಿಗೆ ಕೆಂಪು ಅಂಚು ಎಷ್ಟು ಎದ್ದು ಕಾಣುತ್ತೆ ನೋಡಿ! ಸೀರೆಗೆ ಅದು ಚಂದ. ಆದರೆ ಕೋಣೆಯಲ್ಲಿ ಕೆಂಪು ನೆಲದ ಮೇಲೆ ಎದ್ದು ನಿಂತ ಹಸಿರು ಗೋಡೆ ದಿನವಿಡೀ ಕಣ್ಣಿಗೆ ಹೊಡೀಬಹುದು. ಇಂಥ ಮನೆಗೆ ಬೂದು ಬೆರೆತ ಹಸಿರು ಒಳ್ಳೇದು. ಕಾರ್ಡಿನಲ್ಲಿ ಮಂಕಾಗಿ ಕಂಡದ್ದೇ ಗೋಡೆ ಮೇಲೆ ಹದವಾಗಿ ಕೂರುತ್ತೆ. ಬಿಳಿ ವಿಟ್ರಿಫೈಡ್ ಟೈಲ್ಸ್ ಇರೋ ಅಪಾರ್ಟ್‌ಮೆಂಟಿನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಸ್ವಲ್ಪ ಹಳದಿ ಕಡೆಯ ಹಸಿರು ಕೋಣೆಗೆ ಬೆಚ್ಚನೆ ಕಳೆ ಕೊಡುತ್ತೆ.

ಇನ್ನೊಂದು ಮಾತು. ಕಾರ್ಡಿನ ಮೇಲಿನ ಚೌಕ ನಿಮ್ಮ ಹೆಬ್ಬೆರಳಷ್ಟು. ಗೋಡೆ ನಾಲ್ಕು. ಹಸಿರು ಗೋಡೆಯ ಬೆಳಕು ಎದುರಿನ ಹಸಿರು ಗೋಡೆಗೆ ಬಿದ್ದು, ಅದು ಮತ್ತೆ ಇದಕ್ಕೆ ಬಿದ್ದು, ಬಣ್ಣ ಗಟ್ಟಿಯಾಗುತ್ತಾ ಹೋಗುತ್ತೆ. ಅದಕ್ಕೇ 'ಕಾರ್ಡಿನಲ್ಲಿ ಎಷ್ಟು ತಿಳಿಯಾಗಿತ್ತು, ಬಳಿದ ಮೇಲೆ ಹಿಂಗ್ಯಾಕೆ' ಅನ್ನೋ ಗೋಳು. ಎರಡರ ನಡುವೆ ಮನಸ್ಸು ತೂಗಾಡಿದರೆ ತಿಳಿಯಾದದ್ದನ್ನೇ ಹಿಡಿಯಿರಿ.

ಗಂಡ ಹೆಂಡತಿ ಇಬ್ಬರದ್ದೂ ಸರಿ!

ಈಗ ಮನೆಯೊಳಗಿನ ಜಗಳಕ್ಕೆ ಬರೋಣ. ನೀವು ಆರಿಸಿದ ಹಸಿರು ಅವರಿಗೆ ಬೂದಿಯ ಹಾಗೆ ಕಾಣುತ್ತೆ, ಅವರು ಹೇಳಿದ್ದು ನಿಮಗೆ ಕಣ್ಣು ಕುಕ್ಕುತ್ತೆ. ಯಾರು ಸರಿ? ಇಬ್ಬರೂ ಸರಿ. ಅವರು ಆ ಕೋಣೆಯನ್ನು ನೋಡೋದು ರಾತ್ರಿ ಎಂಟರ ಮೇಲೆ, ಟ್ಯೂಬ್‌ಲೈಟಿನಲ್ಲಿ. ನೀವು ನೋಡೋದು ಬೆಳಿಗ್ಗೆ ಹಾಸಿಗೆ ಮಡಿಸುವಾಗ, ಮಧ್ಯಾಹ್ನ ಬಟ್ಟೆ ಜೋಡಿಸುವಾಗ, ಸಂಜೆ ಮಗುವಿಗೆ ಹೋಂವರ್ಕ್ ಮಾಡಿಸುವಾಗ. ಒಂದೇ ಡಬ್ಬಿಯ ಬಣ್ಣ, ಆದರೆ ಇಬ್ಬರು ನೋಡುತ್ತಿರೋದು ಎರಡು ಗೋಡೆ! ಇದು ಅರ್ಥವಾದರೆ ಅರ್ಧ ಜಗಳ ತೀರಿತು. ಇನ್ನರ್ಧಕ್ಕೆ ನನ್ನ ಅಭಿಪ್ರಾಯ ನೇರವಾಗಿಯೇ ಹೇಳ್ತೀನಿ. ಕೋಣೆಯಲ್ಲಿ ಎಚ್ಚರವಾಗಿದ್ದು ಹೆಚ್ಚು ಹೊತ್ತು ಕಳೆಯೋರು ಯಾರೋ, ಕೊನೆಯ ಮಾತು ಅವರದು. ದುಡ್ಡು ಕೊಡೋರದ್ದಲ್ಲ, ಪೇಂಟರದ್ದಂತೂ ಅಲ್ಲವೇ ಅಲ್ಲ.

ಈ ನಿಯಮ ನಮ್ಮನ್ನೂ ಕಟ್ಟಿಹಾಕುತ್ತೆ ಅನ್ನೋದು ನೆನಪಿರಲಿ. ಅತ್ತೆಯ ಕೋಣೆಗೆ ಬಣ್ಣ ಆರಿಸೋದು ಸೊಸೆಯಲ್ಲ, ಅತ್ತೆ. "ಅವರಿಗೇನು ಗೊತ್ತಾಗುತ್ತೆ, ಕಣ್ಣೇ ಕಾಣಲ್ಲ" ಅಂತ ಎಷ್ಟು ಮನೆಯಲ್ಲಿ ಹೇಳಲ್ಲ? ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತಾ ಹೋಗುತ್ತೆ. ಪೊರೆ ಬಂದರಂತೂ ಮೊಟ್ಟಮೊದಲು ಮಸುಕಾಗೋದು ನೀಲಿ ಬೆರೆತ ಬಣ್ಣಗಳೇ. ನಿಮಗೆ ತಂಪಾಗಿ ಕಾಣೋ ತಿಳಿ ಸೀ ಗ್ರೀನ್ ಅವರಿಗೆ ಬರೀ ಕೆಸರು ಬಿಳಿ. ನಮ್ಮ ಬೀದಿಯ ಹಿರಿಯರೊಬ್ಬರು ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಬಂದವರು, ಒಂದೊಂದೇ ಕಣ್ಣು ಮುಚ್ಚಿ ಗೋಡೆ ನೋಡಿ, "ಈ ಕಣ್ಣಿಗೆ ಹಸಿರು, ಆ ಕಣ್ಣಿಗೆ ಮಣ್ಣು. ಇಷ್ಟು ವರ್ಷ ನನ್ನ ಗೋಡೆಗೆ ಬಣ್ಣ ಇತ್ತು ಅಂತಲೇ ನಂಗೆ ಗೊತ್ತಿರಲಿಲ್ಲ ನೋಡವ್ವಾ" ಅಂದರು. ಕೇಳಿದವರಿಗೆ ಕರುಳು ಚುರುಕ್ ಅನ್ನಬೇಕು. ಅವರು ದಿನದ ಬಹುಪಾಲು ಹೊತ್ತು ಮಂಚದ ಮೇಲಿಂದ ನೋಡೋದು ಆ ಗೋಡೆಯನ್ನೇ ಅಲ್ವಾ?

ಹಿರಿಯರ ಕೋಣೆಗೆ ಇನ್ನೂ ಒಂದು ಸೂಕ್ಷ್ಮ ಇದೆ. ಗೋಡೆ, ಬಾಗಿಲ ಚೌಕಟ್ಟು, ಸ್ವಿಚ್ ಬೋರ್ಡ್ ಎಲ್ಲಾ ಒಂದೇ ಮಸುಕು ಬಣ್ಣ ಆದರೆ ರಾತ್ರಿ ಎದ್ದವರಿಗೆ ಬಾಗಿಲೇ ಕಾಣಲ್ಲ. ಗೋಡೆ ತಿಳಿ ಹಸಿರಾದರೆ ಚೌಕಟ್ಟು ಗಾಢವಾಗಿರಲಿ. ಬಿಳಿ ಸ್ವಿಚ್ ಬೋರ್ಡ್ ಎದ್ದು ಕಾಣುವಷ್ಟಾದರೂ ಗೋಡೆಗೆ ಬಣ್ಣ ಇರಲಿ. ಇದು ಅಲಂಕಾರದ ಮಾತಲ್ಲ, ಬಿದ್ದು ಸೊಂಟ ಮುರಿಯದಂತೆ ಕಾಪಾಡೋ ಮಾತು.

ಹಳೇ ಹಸಿರು ಕೆರೆಯುವ ಮುನ್ನ

ಹಸಿರು ಬಣ್ಣಕ್ಕೆ ಒಂದು ಕೆಟ್ಟ ಇತಿಹಾಸವೂ ಇದೆ. 1775ರಲ್ಲಿ ಷೀಲೆ ಅನ್ನೋ ಸ್ವೀಡನ್ನಿನ ರಸಾಯನ ವಿಜ್ಞಾನಿ ಕಂಡುಹಿಡಿದ ಚಂದದ ಹಸಿರಿನಲ್ಲಿ ಇದ್ದದ್ದು ತಾಮ್ರ ಮತ್ತು ಪಾಷಾಣ. 19ನೇ ಶತಮಾನದ ಯುರೋಪಿನಲ್ಲಿ ಅದನ್ನು ಗೋಡೆಗೆ ಅಂಟಿಸೋ ಕಾಗದಕ್ಕೆಲ್ಲಾ ಬಳಸಿದರು. ಆಮೇಲೆ ಎಣ್ಣೆ ಬಣ್ಣಗಳಲ್ಲಿ ಬಂದ ಕ್ರೋಮ್ ಗ್ರೀನ್‌ನಲ್ಲಿ ಸೀಸ ಇತ್ತು. ನಮ್ಮ ದೇಶದಲ್ಲಿ ಮನೆಗೆ ಬಳಿಯೋ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಅನ್ನೋ ನಿಯಮ 2016ರಲ್ಲಿ ಆಗಿ, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅಂದರೆ ಅದಕ್ಕೂ ಮುಂಚೆ ಬಾಗಿಲು, ಕಿಟಕಿ ಸರಳುಗಳಿಗೆ ಬಳಿದ ಹಳೆಯ ಹಸಿರು ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಾಗಲೇ ಕರಕರ ಕೆರೆದು ಧೂಳೆಬ್ಬಿಸಬೇಡಿ. ನೀರು ಚಿಮುಕಿಸಿ ಉಜ್ಜಿಸಿ. ಮಕ್ಕಳನ್ನೂ ಬಸುರಿ ಹೆಂಗಸರನ್ನೂ ಎರಡು ದಿನ ಬೇರೆ ಕಡೆ ಇಡಿ. ಪೊರಕೆ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೀಗೆ ಮಾಡಿ ನೋಡಿ

* ಗುರುತು ಹಾಕಿದ ಮೂರು ಹಸಿರನ್ನೂ ಒಂದು ಬಿಳಿ ಹಾಳೆ ಮೇಲೆ ಪಕ್ಕಪಕ್ಕ ಇಡಿ. ಒಂಟಿಯಾಗಿ ಕಾಣದ ಗುಣ ಜೋಡಿಯಲ್ಲಿ ಕಾಣುತ್ತೆ: ಯಾವುದು ಹಳದಿ ಕಡೆ, ಯಾವುದು ನೀಲಿ ಕಡೆ, ಯಾವುದು ಬೂದು ಕಡೆ ಅಂತ.

* ಕೆಲವು ಕಂಪನಿಗಳು ಶೇಡಿನ ಜೊತೆ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಕೊಡ್ತವೆ. ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತೆ ಅನ್ನೋ ಅಳತೆ ಅದು. ಕಡುಕಪ್ಪಿಗೆ 0, ಅಚ್ಚ ಬಿಳಿಗೆ 100. ಕತ್ತಲೆ ಕೋಣೆಗೆ 50 ದಾಟಿದ ಹಸಿರೇ ಇರಲಿ.

* ಸಣ್ಣ ಸ್ಯಾಂಪಲ್ ಡಬ್ಬಿ ತಂದು ಹಳೆ ಗೋಡೆ ಮೇಲೆ ನೇರ ಬಳಿಯಬೇಡಿ. ಪಕ್ಕದ ಹಳೆ ಬಣ್ಣ ಕಣ್ಣಿಗೆ ಮೋಸ ಮಾಡುತ್ತೆ. ದೊಡ್ಡ ಬಿಳಿ ಡ್ರಾಯಿಂಗ್ ಹಾಳೆಗೆ ಸುತ್ತ ಅಂಚು ಬಿಟ್ಟು ಎರಡು ಕೋಟ್ ಬಳಿಯಿರಿ, ಪೂರ್ತಿ ಒಣಗಲಿ. ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ಚೂರು ಗಾಢವಾಗುತ್ತೆ. ಸುಣ್ಣವಾದರೆ ಅದಕ್ಕೆ ತಿರುಗಾಮುರುಗಾ, ಒಣಗಿದಷ್ಟೂ ತಿಳಿ.

* ಆ ಹಾಳೆಗಳನ್ನು ಕಿಟಕಿ ಎದುರಿನ ಗೋಡೆಗೊಮ್ಮೆ, ಕಿಟಕಿ ಪಕ್ಕದ ಗೋಡೆಗೊಮ್ಮೆ ಅಂಟಿಸಿ ಮೂರು ದಿನ ಬಿಡಿ. ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ, ಲೈಟ್ ಹಾಕಿದ ಮೇಲೆ ನೋಡಿ. ಕರೆಂಟ್ ಹೋದಾಗ ನೋಡೋ ಭಾಗ್ಯ ಹೇಗೂ ಇದ್ದೇ ಇದೆ!

* ಹಾಳೆ ಪಕ್ಕ ನಿಮ್ಮ ಕರ್ಟನ್, ಬೆಡ್‌ಶೀಟ್ ಹಿಡಿದು ನೋಡಿ. ಗೋಡೆಗೆ ತಕ್ಕ ಕರ್ಟನ್ ಹೊಸದಾಗಿ ಕೊಳ್ಳೋದಕ್ಕಿಂತ, ಇರೋ ಕರ್ಟನ್‌ಗೆ ತಕ್ಕ ಗೋಡೆ ಅಗ್ಗ.

* ಶೇಡಿನ ಹೆಸರಲ್ಲ, ನಂಬರ್ ಬರೆದಿಟ್ಟುಕೊಳ್ಳಿ. ಕಂಪನಿ, ಬಣ್ಣದ ಬಗೆ, ನಂಬರ್ ಮೂರನ್ನೂ ಬೀರು ಬಾಗಿಲ ಒಳಗೆ ಒಂದು ಚೀಟಿಯಲ್ಲಿ ಅಂಟಿಸಿ. ಒಂದು ಕಂಪನಿಯ ಶೇಡನ್ನು ಇನ್ನೊಂದು ಕಂಪನಿಯ ಡಬ್ಬಿಯಲ್ಲಿ 'ಅದೇ ಥರ' ಮಾಡಿಕೊಡ್ತೀವಿ ಅಂದರೆ ಒಪ್ಪಬೇಡಿ.

* ಬೇಕಾದಷ್ಟು ಬಣ್ಣ ಒಂದೇ ಸಲ ತರಿಸಿ. 10 ಅಡಿಗೆ 12 ಅಡಿ ಕೋಣೆ, ಗೋಡೆ ಎತ್ತರ 10 ಅಡಿ ಅಂದರೆ ನಾಲ್ಕು ಗೋಡೆಗೆ 440 ಚದರ ಅಡಿ. ಬಾಗಿಲು, ಕಿಟಕಿ ಕಳೆಯಿರಿ. ಒಂದು ಲೀಟರ್ ಎಷ್ಟು ಚದರ ಅಡಿಗೆ ಬರುತ್ತೆ ಅಂತ ಡಬ್ಬಿ ಮೇಲೇ ಇರುತ್ತೆ, ಅದರಿಂದ ಲೆಕ್ಕ ಹಾಕಿ. ಎಲ್ಲಾ ಡಬ್ಬಿಯನ್ನೂ ಒಂದು ಬಕೆಟ್‌ಗೆ ಸುರಿದು ಕಲೆಸಿಸಿ. ಆಗ ಡಬ್ಬಿಯಿಂದ ಡಬ್ಬಿಗೆ ಬರೋ ಚೂರುಪಾರು ವ್ಯತ್ಯಾಸ ಗೋಡೆ ಮೇಲೆ ಕಾಣಲ್ಲ.

ಎಲ್ಲಿ ನಿಲ್ಲಿಸಬೇಕು?

ಇಷ್ಟೆಲ್ಲಾ ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಲೇಬೇಕು. ಬಣ್ಣ ಆರಿಸೋದನ್ನೇ ತಿಂಗಳುಗಟ್ಟಲೆ ಎಳೆದು, ಕಂಡಕಂಡವರನ್ನೆಲ್ಲಾ ಕೇಳಿ, ಹತ್ತು ಜನರ ಹತ್ತು ಮಾತಿಗೆ ತಲೆ ಕೆಡಿಸಿಕೊಳ್ಳೋರೂ ನಮ್ಮಲ್ಲಿ ಇದ್ದಾರೆ. ಮೂರು ದಿನ, ನಾಲ್ಕು ಹೊತ್ತು ನೋಡಿದ ಮೇಲೂ ಎರಡು ಹಸಿರಿನ ನಡುವೆ ವ್ಯತ್ಯಾಸವೇ ಕಾಣದಿದ್ದರೆ, ಆ ಕೋಣೆಯ ಮಟ್ಟಿಗೆ ಅವೆರಡೂ ನಿಜಕ್ಕೂ ಒಂದೇ! ಆಗ ತಿಳಿಯಾದದ್ದಕ್ಕೆ ಗುರುತು ಹಾಕಿ ಕಾರ್ಡ್ ಮಡಚಿಡಿ. ಗೋಡೆ ಒಣಗಿದ ಮೇಲೆ 'ಅಯ್ಯೋ, ಆ ಇನ್ನೊಂದೇ ಚೆನ್ನಾಗಿತ್ತೇನೋ' ಅಂತ ಕೊರಗಬೇಡಿ. ಅದು ಗೋಡೆ ಮೇಲೆ ಇಲ್ಲ, ಹಾಗಾಗಿ ಅದು ಚಂದವೇ ಕಾಣುತ್ತೆ.

ಆದರೆ ನೋಡದೇ ಬಿಟ್ಟುಕೊಡಬೇಡಿ. ಅಡುಗೆಮನೆಯ ಕಟ್ಟೆ ಎಷ್ಟು ಎತ್ತರ ಇರಬೇಕು, ಕಿಟಕಿ ಯಾವ ಕಡೆ ಇರಬೇಕು ಅಂತ ಮನೆ ಕಟ್ಟುವಾಗ ನಮ್ಮನ್ನು ಎಷ್ಟು ಜನ ಕೇಳಿದ್ದಾರೆ ಹೇಳಿ? ಇಟ್ಟಿಗೆ ಸಿಮೆಂಟಿನ ಮಾತಿನಲ್ಲಿ ನಮ್ಮ ಪಾಲು ಬಂದದ್ದು ಕಡಿಮೆಯೇ. ಕೊನೆಯಲ್ಲಿ ಉಳಿಯೋದು ಇದೊಂದು ಬಣ್ಣದ ಡಬ್ಬಿ. ಅದನ್ನೂ 'ನಿಮ್ಮಿಷ್ಟ' ಅಂತ ಯಾರ ಕೈಗೋ ಕೊಟ್ಟುಬಿಟ್ಟರೆ ಹೇಗೆ? ಮುಂದಿನ ಸಲ ಯಾರಾದರೂ "ಎಲ್ಲಾ ಒಂದೇ" ಅಂದರೆ ಜಗಳ ಆಡಬೇಡಿ. ಒಂದು ಭಾನುವಾರ ಪೂರ್ತಿ ಆ ಕೋಣೆಯಲ್ಲೇ ಅವರನ್ನು ಕೂರಿಸಿ, ಕಾಫಿ, ತಿಂಡಿ ಅಲ್ಲಿಗೇ ತಂದುಕೊಡಿ. ಸಂಜೆ ಹೊತ್ತಿಗೆ ಮೂರು ಹಸಿರಿಗೂ ಮೂರು ಹೆಸರು ಅವರೇ ಇಟ್ಟಿರ್ತಾರೆ. ಏನಂತೀರಿ?